ಬೆದರಿದ ಮಗು ಶಾಲೆಗೆ ಮರಳಿದಾಗ

ಮಳೆ ಜೋರಾದರೆ ನಮಗೆ ಅಡಿಕೆಯ ಕೊಳೆರೋಗದ ಚಿಂತೆ. ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಊರುಗಳ ಮಕ್ಕಳಿಗೆ ಮಳೆಯ ಸದ್ದೇ ಭಯವಾಗಬಹುದು. 2024ರ ಜುಲೈ 30ರ ನಸುಕಿನಲ್ಲಿ ಅಲ್ಲಿ ಗುಡ್ಡ ಕುಸಿದು ಮನೆಮಾರುಗಳು ಕೊಚ್ಚಿಹೋದವು. ಹೊಳೆಬದಿಯ ವೆಳ್ಳಾರ್‌ಮಲ ಶಾಲೆಯೂ ಹಾಳಾಯಿತು. ಸೆಪ್ಟೆಂಬರ್ 2ರಂದು ಆ ಮಕ್ಕಳಿಗೆ ಮೇಪ್ಪಾಡಿಯ ಸರಕಾರಿ ಶಾಲೆಯಲ್ಲಿ ಪಾಠ ಪುನಃ ಆರಂಭವಾಯಿತು.

ಇಷ್ಟು ಬೇಗ ಶಾಲೆಯೇ ಎಂದು ಕೇಳಬಹುದು. ಗಂಟೆ, ಹಾಜರಿ, ಆಟ, ಮಧ್ಯಾಹ್ನದ ಊಟ, ಪಕ್ಕದಲ್ಲಿ ಗೆಳೆಯ: ದಿನವೂ ಒಂದೇ ಕ್ರಮದಲ್ಲಿ ನಡೆಯುವ ಇವೇ ಬೆದರಿದ ಮಗುವಿಗೆ ದೊಡ್ಡ ಆಸರೆ.

ಆದರೆ 'ಅಂದು ಏನು ಕಂಡೆ, ಹೇಳು' ಎಂದು ಕೆದಕಬಾರದು. ಸಾವಿನ ಮನೆಗಳಲ್ಲಿ ಮಗುವನ್ನು ಎಲ್ಲರೆದುರು ಹೀಗೆ ಕೇಳಿದ ತಪ್ಪು ನಮ್ಮಿಂದಲೂ ಆಗಿದೆ. ನೆಟ್ಟ ಸಸಿ ಬೇರು ಬಿಟ್ಟಿತೇ ಎಂದು ಯಾರೂ ಕಿತ್ತು ನೋಡುವುದಿಲ್ಲವಲ್ಲ! ಮಗು ತಾನಾಗಿ ಬಾಯಿಬಿಟ್ಟರೆ ಮಾತ್ರ ಕೈಕೆಲಸ ಬಿಟ್ಟು ಕುಳಿತು ಕೇಳಬೇಕು. ಅತ್ತರೆ ಅಳಲಿ, ಗಂಡುಮಗುವಾದರೂ ಸರಿಯೇ.

ನಿದ್ದೆಯಲ್ಲಿ ಬೆಚ್ಚಿಬೀಳುವುದು, ಹಾಸಿಗೆ ಒದ್ದೆ ಮಾಡುವುದು, ಹೊಟ್ಟೆನೋವು, ಸಿಡುಕು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಮೊದಲ ವಾರಗಳಲ್ಲಿ ಸಹಜ. ಇದು ಹಠವಲ್ಲ, ಬೆತ್ತಕ್ಕೆ ಹೋಗುವುದೂ ಇಲ್ಲ. ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬಾರದು. ಆಸ್ಪತ್ರೆ ದೂರವಿದ್ದವರು ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು; ಖರ್ಚಿಲ್ಲ.