ಹನ್ನೊಂದನೆಯ ದಿನದ ನಂತರ

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಸಾವಾದ ಮನೆಯವರನ್ನು ಒಂಟಿಯಾಗಿ ಬಿಡುವ ರೂಢಿಯಿಲ್ಲ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ಓಣಿಯವರು ರೊಟ್ಟಿಬುತ್ತಿ ತರುತ್ತಾರೆ. ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಆದರೆ ಹನ್ನೊಂದನೆಯ ದಿನದ ಕಾರ್ಯ ಮುಗಿದರೆ ಮನೆ ಬರಿದು. ದುಃಖದಲ್ಲಿರುವವರ ಜೊತೆ ಕೂರುವ ಕೆಲಸವನ್ನು ನಾವು ಕೆಲವರು ಹುನಗುಂದದಲ್ಲಿ ಶುರುಮಾಡಿದಾಗ ಮೊದಲು ತಿಳಿದದ್ದು ಇದೇ: ನಾವು ಬೇಕಾಗುವ ಕಾಲ ಬರುವುದು ಆಮೇಲೆ.

ಬೋರ್ಡು ಹಾಕಿ ಕುಳಿತರೆ ಯಾರೂ ಬರುವುದಿಲ್ಲ. "ನನಗೇನ್ ತಲಿ ಕೆಟ್ಟೈತೇನ್ರಿ?" ಅನ್ನುತ್ತಾರೆ. ಆದರೆ 21 ದಿನದೊಳಗೆ ಮರಣ ನೋಂದಣಿ ಆಗಬೇಕು, ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು, ಹೊಲದ ಉತಾರಕ್ಕೆ ವಾರಸಾ ಮಾಡಿಸಬೇಕು. ಆ ಕಾಗದಪತ್ರ ಹಿಡಿದು ಅವರ ಜೊತೆ ನಾಡಕಚೇರಿಯ ಕಟ್ಟೆಯ ಮೇಲೆ ಪಾಳಿಗೆ ಕಾಯುವಾಗ ಮಾತು ತಾನಾಗಿ ಹೊರಬರುತ್ತದೆ. "ಮಕ್ಕಳ ಮುಂದ ಅಳಾಕ ಬರಂಗಿಲ್ರಿ ಅಕ್ಕಾರ" ಎಂದು ಒಬ್ಬಾಕೆ ಅಲ್ಲಿಯೇ ಅತ್ತಳು. ನಮ್ಮ ಕೆಲಸವನ್ನು ಆ ಕಟ್ಟೆಯಿಂದಲೇ ಕಟ್ಟಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಇಳಕಲ್‌ನ ನೇಕಾರರ ಮನೆಗಳಲ್ಲಿ ದುಃಖದ ಬಗೆ ಬೇರೆ. ಮಗ್ಗ ಮನೆಯೊಳಗೇ ಇರುತ್ತದೆ. ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವಾಗ ಮನೆಮಂದಿಯೆಲ್ಲ ಕೈಜೋಡಿಸುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಹಿರಿಯರೊಬ್ಬರು ತಿಂಗಳುಗಟ್ಟಲೆ ಮಗ್ಗಕ್ಕೆ ಇಳಿಯಲಿಲ್ಲ. "ಗಟ್ಟಿಯಾಗ್ರಿ" ಎಂದು ಎಲ್ಲರೂ ಹೇಳಿ ಹೋಗಿದ್ದರು. ನಾವು ಆಕೆಯ ಬಗ್ಗೆ ಕೇಳಿದೆವು, ಅವರು ಹೇಳುತ್ತ ಹೋದರು. ಪಕ್ಕದ ಮನೆಯ ಹುಡುಗಿ ಕಂಡಿಕೆ ಸುತ್ತಿಕೊಡಲು ಬಂದ ಮೇಲೆ ಮಗ್ಗ ಮತ್ತೆ ನಡೆಯಿತು. ಗಂಡಸರಿಗೆ ಹಾಡ್ಯಾಡಿ ಅಳುವ ಅವಕಾಶವನ್ನೂ ನಾವು ಕೊಟ್ಟಿಲ್ಲ. ಅವರ ಮನೆಗೆ ನಾವೇ ಹೋಗಬೇಕು.

ಬಾದಾಮಿ ಕಡೆ ದಿನಕಾರ್ಯ ಮುಗಿಸಿ ಗೋವಾ, ಮಂಗಳೂರಿನ ಕೂಲಿಗೆ ಮರಳುವವರಿದ್ದಾರೆ. ಅವರಿಗೆ ಫೋನೇ ದಾರಿ.

ಎಲ್ಲ ದುಃಖವೂ ಕಾಯಿಲೆಯಲ್ಲ. ಆರು ತಿಂಗಳು ದಾಟಿದರೂ ತೀವ್ರ ದುಃಖ ಇಳಿಯದೆ ನಿತ್ಯದ ಬದುಕು ನಿಂತುಹೋಗಿದ್ದರೆ ಅದನ್ನು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೇ ಈಗ ಗುರುತಿಸಿದೆ. ಅಂಥವರಿಗಾಗಿ ಸರ್ಕಾರದ ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಚಿಕಿತ್ಸಾಲಯವಿದೆ; ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಗೊತ್ತಿರುವ ಅಂಥವರ ಫೋನಿನಲ್ಲಿ ಈ ನಂಬರನ್ನು ನೀವೇ ಸೇವ್ ಮಾಡಿಕೊಡಿ. ಮೊದಲ ಸಲ ಕರೆ ಮಾಡುವಾಗ ಪಕ್ಕದಲ್ಲಿ ಕುಳಿತಿರಿ.