15 ಜನರ ನೇಯ್ಗೆ ಘಟಕಕ್ಕೂ ಸುರಕ್ಷತಾ ಕಾನೂನು ಉಂಟೇ?

ಪ್ರಶ್ನೆ: ನಾವು 15 ಮಂದಿ ಒಂದೇ ಸೂರಿನಡಿ ಕೈಮಗ್ಗದಲ್ಲಿ ಖಾದಿ ನೇಯುತ್ತೇವೆ. ಮಗ್ಗಕ್ಕೆ ವಿದ್ಯುತ್ ಇಲ್ಲ. ಹೊಸ ಕಾನೂನಿನಲ್ಲಿ ವಿದ್ಯುತ್ ಬಳಸದ ಕಡೆ 40 ಜನ ಇದ್ದರಷ್ಟೇ ಕಾರ್ಖಾನೆಯಂತೆ. ಹಾಗಾದರೆ ನಮ್ಮಂಥವರ ಸುರಕ್ಷತೆಗೆ ಕಾನೂನೇ ಇಲ್ಲವೇ? ತಪಾಸಣೆಗೂ ಯಾರೂ ಬರುವುದಿಲ್ಲವೇ?
– ಓದುಗರೊಬ್ಬರು, ಗರಗ

ಉತ್ತರ: ರಾಷ್ಟ್ರಧ್ವಜದ ಬಟ್ಟೆ ನೇಯುವ ಊರಿನಿಂದ ಬಂದ ಈ ಸಂದೇಹ ಸಣ್ಣ ಘಟಕಗಳಲ್ಲಿ ದುಡಿಯುವ ಎಲ್ಲರದೂ ಆಗಬಹುದು. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ: ಕಾನೂನು ಇದೆ, ಅದು ನಿಮಗೂ ಅನ್ವಯಿಸುತ್ತದೆ.

ನೀವು ಹೇಳುತ್ತಿರುವುದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ ವಿಷಯ. ಸಂಸತ್ತು 2020ರಲ್ಲೇ ಒಪ್ಪಿದ್ದ ಈ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. 1948ರ ಕಾರ್ಖಾನೆ ಕಾಯ್ದೆ, ಗಣಿ ಕಾಯ್ದೆ, ಕಟ್ಟಡ ಕಾರ್ಮಿಕರ ಕಾಯ್ದೆ ಸೇರಿ 13 ಕಾನೂನುಗಳು ಇದರೊಳಗೆ ಬಂದಿವೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕಾರ್ಮಿಕರಿದ್ದರೆ ಅದು ಕಾರ್ಖಾನೆ. ಈಗ ಆ ಸಂಖ್ಯೆ 20 ಮತ್ತು 40 ಆಗಿದೆ. ಇಲ್ಲಿಯವರೆಗೆ ನೀವು ಕೇಳಿದ್ದು ಸರಿ.

ಗೊಂದಲ ಹುಟ್ಟುವುದು ಇದರ ಮುಂದೆ. ‘ಕಾರ್ಖಾನೆ’ಯಲ್ಲದಿದ್ದರೆ ಸುರಕ್ಷತೆಯ ಹೊಣೆಯೇ ಇಲ್ಲ ಎಂದು ಅನೇಕರು ತಿಳಿಯುತ್ತಾರೆ, ಹಾಗೆ ಅನ್ನಿಸುವುದು ಸಹಜವೂ ಹೌದು. ಆದರೆ ಸಂಹಿತೆ ಮಾಲೀಕನ ಮೂಲ ಹೊಣೆಗಳನ್ನು ಹೊರಿಸಿರುವುದು ‘ಸಂಸ್ಥೆ’ಯ ಮೇಲೆ. ಯಾವುದೇ ಉದ್ದಿಮೆ, ವ್ಯಾಪಾರ ಅಥವಾ ತಯಾರಿಕೆ ನಡೆಯುವ ಜಾಗದಲ್ಲಿ 10 ಕಾರ್ಮಿಕರಿದ್ದರೆ ಸಾಕು, ಅದು ಸಂಸ್ಥೆ. ವಿದ್ಯುತ್ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ನಿಮ್ಮ 15 ಮಂದಿ ಹಳೆಯ ಲೆಕ್ಕದಲ್ಲೂ ಕಾರ್ಖಾನೆಯಾಗಿರಲಿಲ್ಲ, ಸರ್ಕಾರ ವಿಶೇಷ ಅಧಿಸೂಚನೆ ಹೊರಡಿಸಿದ್ದರೆ ಮಾತು ಬೇರೆ. ಈಗ ಸಂಸ್ಥೆಯಾಗಿ ಒಳಗೆ ಬಂದಿದ್ದೀರಿ. ನಿಜಕ್ಕೂ ಕಳೆದುಕೊಂಡವರು ವಿದ್ಯುತ್ ಯಂತ್ರಗಳ ನಡುವೆ 10ರಿಂದ 19 ಮಂದಿ ದುಡಿಯುವ ಘಟಕಗಳವರು. ಮೂಲ ಹೊಣೆಗಳು ಅವರಿಗೂ ಉಳಿದಿವೆ, ಆದರೆ ಕಾರ್ಖಾನೆಗೆಂದೇ ಇದ್ದ ಬಿಗಿಯಾದ ನಿಯಮಗಳು ಸಡಿಲವಾಗಿವೆ. ಇದು ನನಗೆ ಸರಿಯೆನಿಸುವುದಿಲ್ಲ. ಬೆರಳು ಕತ್ತರಿಸುವ ಯಂತ್ರ ಕಾರ್ಮಿಕರ ತಲೆ ಎಣಿಸುವುದಿಲ್ಲ.

ನಿಮಗೆ ಸಿಗಬೇಕಾದದ್ದೇನು? ಅಪಾಯವಿಲ್ಲದ ಕೆಲಸದ ಜಾಗ, ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ, ಗೊತ್ತುಪಡಿಸಿದ ವಯಸ್ಸು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಈ ವಯಸ್ಸನ್ನು ಕೇಂದ್ರ ಸರ್ಕಾರ ತನ್ನ ಪ್ರಕಟಣೆಯಲ್ಲಿ 40 ಎಂದಿದೆ. ಸುರಕ್ಷತೆಗಾಗಿ ಮಾಡಿದ ಖರ್ಚನ್ನು ನಿಮ್ಮ ಕೂಲಿಯಿಂದ ಮುರಿಯುವಂತಿಲ್ಲ. ಪೆಟ್ಟು ಬಿದ್ದು ಯಾರಾದರೂ 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಮಾಲೀಕ ಅಧಿಕಾರಿಗಳಿಗೆ ತಿಳಿಸಲೇಬೇಕು.

ಹತ್ತಿಯ ಕೆಲಸದವರಾದ್ದರಿಂದ ಒಂದು ವಿಷಯ ನಿಮಗೆ ಬಿಡಿಸಿ ಹೇಳಬೇಕು. ಅರಳೆ ಬಿಡಿಸುವಾಗ, ಹಂಜಿ ಮಾಡುವಾಗ, ನೂಲುವಾಗ ಏಳುವ ನವಿರು ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಅದರ ಗುರುತು ವಿಚಿತ್ರ: ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ, ಮರುದಿನ ಕಡಿಮೆಯಾಗುತ್ತದೆ. ಹಾಗಾಗಿ ನೆಗಡಿಯೆಂದು ಬಿಟ್ಟುಬಿಡುವವರೇ ಹೆಚ್ಚು. ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಂಹಿತೆ ಇದನ್ನು ಹೆಸರಿಸಿದೆ. ಮಾಲೀಕನಷ್ಟೇ ಅಲ್ಲ, ಚಿಕಿತ್ಸೆ ಕೊಟ್ಟ ವೈದ್ಯರೂ ತಿಳಿಸಬೇಕು. ವೈದ್ಯರ ಬಳಿ ಹೋದಾಗ ‘ಹತ್ತಿಯ ಕೆಲಸ, ಇಷ್ಟು ವರ್ಷದಿಂದ’ ಎಂದು ನೀವಾಗಿಯೇ ಹೇಳಿ.

ಇನ್ನು ತಪಾಸಣೆ. ಇನ್‌ಸ್ಪೆಕ್ಟರ್ ಈಗ ಸಲಹೆಗಾರನೂ ಆಗಬೇಕೆಂಬುದು ಸಂಹಿತೆಯ ಉದ್ದೇಶ. ಯಾವ ಸಂಸ್ಥೆಗೆ ಹೋಗಬೇಕೆಂದು ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸುವ ವ್ಯವಸ್ಥೆಗೂ ಅವಕಾಶ ಕೊಟ್ಟಿದೆ. ಆದ್ದರಿಂದ ಯಾರೋ ಬಂದೇ ಬರುತ್ತಾರೆಂದು ಕಾದು ಕೂರಬೇಡಿ. ಜೀವಕ್ಕೆ ಅಪಾಯವಿದೆಯೆಂದು ಅನ್ನಿಸಿದರೆ ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ಒಟ್ಟಿಗೇ ತಿಳಿಸುವ ಹಕ್ಕು ನಿಮಗಿದೆ. ಬರಹದಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ.

ಮಾಲೀಕ ನಿಯಮ ಮುರಿದರೆ? ಹಿಂದೆ ಕಾರ್ಖಾನೆ ಕಾಯ್ದೆಯಡಿ ಸಾಮಾನ್ಯ ಉಲ್ಲಂಘನೆಗೂ 2 ವರ್ಷದವರೆಗೆ ಜೈಲು ಆಗಬಹುದಿತ್ತು. ಈಗ 2ರಿಂದ 3 ಲಕ್ಷ ರೂಪಾಯಿ ದಂಡವಷ್ಟೆ. ಕರ್ತವ್ಯ ಮರೆತದ್ದರಿಂದ ಸಾವು ಸಂಭವಿಸಿದರೆ 2 ವರ್ಷದವರೆಗೆ ಜೈಲು, ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮೃತರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

10ಕ್ಕಿಂತ ಕಡಿಮೆ ಜನರಿದ್ದರೆ? ಅಪಾಯಕಾರಿ ಕೆಲಸವಿರುವ ಕಡೆ, ಒಬ್ಬನೇ ಕಾರ್ಮಿಕನಿದ್ದರೂ ಸರ್ಕಾರ ಅಧಿಸೂಚನೆಯ ಮೂಲಕ ಸಂಹಿತೆಯನ್ನು ಅನ್ವಯಿಸಬಹುದು. 2022ರ ಜುಲೈನಲ್ಲಿ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ, ಹುಟ್ಟುಹಬ್ಬದ ಕೇಕಿಗೆ ಸಿಕ್ಕಿಸುವ ಕಿಡಿ ಹಾರಿಸುವ ಮೇಣದಬತ್ತಿಯ ಸಣ್ಣ ಘಟಕಕ್ಕೆ ಬೆಂಕಿ ಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅಂಥ ಘಟಕಗಳಿಗಾಗಿ ಈ ಅಧಿಕಾರವನ್ನು ರಾಜ್ಯ ಸರ್ಕಾರ ತಡಮಾಡದೆ ಬಳಸಬೇಕು. ಮನೆಯಲ್ಲೇ ಚರಕ ಇಟ್ಟುಕೊಂಡು ನಿಮಗೆ ನೂಲು ಕೊಡುವ ಹೆಣ್ಣುಮಕ್ಕಳ ಮನೆ ಮಾತ್ರ 10 ಜನರ ಸಂಸ್ಥೆಯೂ ಅಲ್ಲ, ಅಪಾಯಕಾರಿ ಘಟಕವೆಂದು ಯಾರೂ ಗುರುತಿಸುವಂಥದ್ದೂ ಅಲ್ಲ. ಧೂಳು ಅಲ್ಲಿಯೂ ಅದೇ. ಜಿಲ್ಲೆಯ ಕಾರ್ಮಿಕ ಇಲಾಖೆಗೆ ನೀವು ಬರೆಯುವ ಅರ್ಜಿಯಲ್ಲಿ ಅವರ ಆರೋಗ್ಯ ತಪಾಸಣೆಯ ಬೇಡಿಕೆಯನ್ನೂ ಸೇರಿಸಿ.