ಮನೆ ಕೆಡವುವ ಮುನ್ನ ಆದೇಶ ತೋರಿಸಿ

ಗೋವಾದ ವಾಸ್ಕೋದಲ್ಲಿರುವ ಬಾಯ್ನಾ ಕಡಲತೀರಕ್ಕೆ ಜೆಸಿಬಿ ಬಂದದ್ದು ಒಂದೇ ಸಲವಲ್ಲ. 2004ರ ಜೂನ್ 14ರಂದು, ಮಳೆಗಾಲದ ಹೊಸ್ತಿಲಲ್ಲೇ, ಲೈಂಗಿಕ ವೃತ್ತಿಯಲ್ಲಿದ್ದವರ ಮನೆಗಳ ಜೊತೆ ಕೂಲಿಕಾರರ ಮನೆಗಳೂ ಉರುಳಿದವು. 2017ರ ಸೆಪ್ಟೆಂಬರ್‌ನಲ್ಲಿ ಕನ್ನಡಿಗರ ಐವತ್ತಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಇದನ್ನು ಸರ್ವಾಧಿಕಾರ ಎಂದು ನಾನು ಕರೆಯುವುದಿಲ್ಲ. ನ್ಯಾಯಾಲಯದ ಆದೇಶ, ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಈ ಕಥೆಯಲ್ಲಿವೆ. ಆದರೆ ಆಡಳಿತ ನಿರಂಕುಶವಾದಾಗ ಮೊದಲ ಏಟು ಬೀಳುವುದು ಹಕ್ಕುಪತ್ರ ಇಲ್ಲದವರ ಮೇಲೆ, ಆ ಊರಿನ ಕಚೇರಿ ಭಾಷೆ ಬಾರದವರ ಮೇಲೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್‌ನಲ್ಲಿ, ದೆಹಲಿಯ ತುರ್ಕಮಾನ್ ಗೇಟ್‌ನಲ್ಲಿ ಬಡವರ ಮನೆಗಳನ್ನು ಕೆಡವಿದಾಗ ಆದದ್ದೂ ಅದೇ. ಅದೇ ತಿಂಗಳು, ಬಂಧಿತರು ಹೇಬಿಯಸ್ ಕಾರ್ಪಸ್ (ಅಕ್ರಮ ಬಂಧನವನ್ನು ಪ್ರಶ್ನಿಸುವ ಅರ್ಜಿ) ಕೋರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಒಪ್ಪದೆ ನಿಂತವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಸಂವಿಧಾನದ 44ನೇ ತಿದ್ದುಪಡಿಯ ನಂತರ, ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯ ಜೀವಿಸುವ ಹಕ್ಕನ್ನು ಅಮಾನತಿನಲ್ಲಿಡಲಾಗದು.

ಈ ಹಕ್ಕು ನಿಮ್ಮ ಮನೆಬಾಗಿಲಿಗೆ ಬರುವುದು ಕಾಗದದ ರೂಪದಲ್ಲಿ. 2024ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮನೆ ಕೆಡವುವ ಮುನ್ನ ಪಾಲಿಸಬೇಕಾದ ಕ್ರಮವನ್ನು ಬಿಡಿಸಿ ಹೇಳಿದೆ: ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ಮನೆಗೂ ಅಂಟಿಸಬೇಕು, ಉತ್ತರಿಸಲು ಕನಿಷ್ಠ 15 ದಿನ, ಖುದ್ದು ಅಹವಾಲು ಕೇಳಬೇಕು, ಕಾರಣ ಬರೆದ ಆದೇಶ ಕೊಟ್ಟ ಮೇಲೂ 15 ದಿನ ಕಾಯಬೇಕು, ತೆರವಿನ ವಿಡಿಯೋ ಮಾಡಬೇಕು. ತಪ್ಪಿದ ಅಧಿಕಾರಿ ಸ್ವಂತ ಹಣದಿಂದ ಪರಿಹಾರ ಕಟ್ಟಬೇಕಾದೀತು.

ಬಾಯ್ನಾದವರು ಒಂದು ಮಾತನ್ನು ಮರೆಯಬಾರದು. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗ, ರೈಲ್ವೆ ಹಳಿಯ ಬದಿ, ಜಲಮೂಲ, ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಪ್ರಕರಣ, ಇವುಗಳಿಗೆ ಆ ತೀರ್ಪು ಅನ್ವಯಿಸದು. ಹಾಗಾಗಿ "ಕೋರ್ಟ್ ಆರ್ಡರ್ ಇದೆ" ಎಂದ ಕೂಡಲೇ ಪ್ರಕರಣದ ಸಂಖ್ಯೆ, ಆದೇಶದ ಪ್ರತಿ ಕೇಳಿ. ನಿಮ್ಮ ಮನೆ ಅದರಲ್ಲಿ ಸೇರಿದೆಯೇ, ಅಳತೆ ಯಾರು ಯಾವಾಗ ಮಾಡಿದರು, ನೋಡಿ. 1985ರ ಓಲ್ಗಾ ಟೆಲ್ಲಿಸ್ ತೀರ್ಪು ನಿಮ್ಮ ಬೆನ್ನಿಗಿದೆ: ಮುಂಬೈನ ಪಾದಚಾರಿ ಮಾರ್ಗದಲ್ಲಿ ಬದುಕುತ್ತಿದ್ದವರ ಜೀವನೋಪಾಯವನ್ನೂ 21ನೇ ವಿಧಿಯ ಹಕ್ಕೆಂದು ಒಪ್ಪಿ, ಮಳೆಗಾಲ ಮುಗಿದು ಒಂದು ತಿಂಗಳಾಗುವ ತನಕ, ಅಂದರೆ ಅಕ್ಟೋಬರ್ 31ರ ತನಕ, ಅವರನ್ನು ಎಬ್ಬಿಸದಂತೆ ಅದು ತಡೆಯಿತು. ಒಕ್ಕಲೆಬ್ಬಿಸುವುದನ್ನೇ ಪೂರ್ತಿ ನಿಷೇಧಿಸಲಿಲ್ಲ, ನಿಜ. ಸಿಕ್ಕ ಕಾಲಾವಕಾಶವೂ ಬಡವರಿಗೆ ದೊಡ್ಡದು.

ಬಾಯಿಮಾತಿನ ಭರವಸೆ ನಂಬಬೇಡಿ. ಅರ್ಜಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಮುರಗಾಂವ ನಗರಸಭೆಯ ಇನ್‌ವರ್ಡ್ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಒಲ್ಲೆ ಎಂದರೆ ಸ್ಪೀಡ್ ಪೋಸ್ಟ್‌ಗೆ ಹಾಕಿ ರಸೀದಿ ಜೋಪಾನ ಮಾಡಿ. ಲೈಟ್ ಬಿಲ್ಲು, ಮತದಾರರ ಚೀಟಿ, ಮಕ್ಕಳ ಶಾಲೆಯ ದಾಖಲೆಗಳ ಫೋಟೋ ತೆಗೆದು ಊರಿನ ಬಂಧುಗಳಿಗೂ ಕಳಿಸಿ; ಮನೆ ಬಿದ್ದ ಗದ್ದಲದಲ್ಲಿ ಮೊದಲು ಕಾಣೆಯಾಗುವುದೇ ಈ ಕಾಗದಗಳು.

ಶಾಂತವಾಗಿ ಗುಂಪುಗೂಡಿ ಪ್ರತಿಭಟಿಸಿ. ಕಲ್ಲೆತ್ತಿದರೆ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಬಂಧನದ ಕಾರಣವನ್ನು ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಕನ್ನಡ ಮಾತ್ರ ಬಲ್ಲವರು ಕನ್ನಡದಲ್ಲೇ ಕೇಳಬೇಕು. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ವಕೀಲರಿಗೆ ಹಣವಿಲ್ಲವೆಂದು ಸುಮ್ಮನಾಗಬೇಡಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಆದಾಯ ನೋಡದೆ ಉಚಿತ ನೆರವಿದೆ. 15100ಕ್ಕೆ ಕರೆ ಮಾಡಿ. ಸಂವಿಧಾನದ 226ನೇ ವಿಧಿಯಡಿ ತಡೆಯಾಜ್ಞೆ ಕೋರುವುದು ಪರ್ವರಿಯಲ್ಲಿರುವ ಬಾಂಬೆ ಹೈಕೋರ್ಟ್ ಪೀಠದಲ್ಲಿ. ನೋಟಿಸು ಕೈಸೇರಿದ ದಿನವೇ ಹೊರಡಿ.